ಶೆರಿಫನ ಗಲ್ಲು: ಮೊಂಟಾನಾ ಗಡಿಸೀಮೆಯ ಒಂದು ದರೋಡೆಕೋರ ಐತಿಹ್ಯ

ದರೋಡೆಕೋರರನ್ನು ಕುರಿತ ಐತಿಹ್ಯಗಳನ್ನು ಜಾನಪದ ವಿದ್ವಾಂಸರು ಸಾಮಾನ್ಯವಾಗಿ ಆಳಿಸಿಕೊಂಡವರ ಕಡೆಯಿಂದ ಓದುತ್ತ ಬಂದಿದ್ದಾರೆ. ಬ್ರಿಟನ್ನಿನ ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ 1959ರಲ್ಲಿಯೂ ಮತ್ತೆ 1969ರಲ್ಲಿಯೂ ಪ್ರಕಟಿಸಿದ ಕೃತಿಗಳಲ್ಲಿ ‘ಸಾಮಾಜಿಕ ದರೋಡೆಕೋರ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟ ಮೇಲಂತೂ ಈ ದೃಷ್ಟಿ ಬಲವಾಯಿತು. ಪ್ರಭುತ್ವ ಯಾರನ್ನು ಅಪರಾಧಿ ಎಂದು ಸಾರುತ್ತದೆಯೋ ಅವನನ್ನು ಜನ ತಮ್ಮವನೆಂದು ಹಾಡುತ್ತಾರೆ ಎಂಬುದು ಇದರ ತಿರುಳು. ಇದಕ್ಕೆ ನಿದರ್ಶನ ಹುಡುಕಲು ನಾವು ದೂರ ಹೋಗಬೇಕಿಲ್ಲ. 1831ರಲ್ಲಿ ನಂದಗಡದಲ್ಲಿ ಕಂಪನಿ ಸರ್ಕಾರ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಹೆಸರು ಉಳಿದದ್ದು ಮುಖ್ಯವಾಗಿ ಲಾವಣಿಕಾರರ ಬಾಯಲ್ಲಿ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಇಂದಿಗೂ ಮಕ್ಕಳಿಗಾಗಿ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ.

ಆದರೆ ಕೊಂದವರೇ ಕಥೆಯ ಮೊದಲ ನಿರೂಪಕರೂ ಆಗಿದ್ದರೆ ಐತಿಹ್ಯ ಯಾವ ರೂಪ ತಾಳುತ್ತದೆ? ಈ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಪ್ರಸಂಗ ಅಮೆರಿಕದ ಇಂದಿನ ಮೊಂಟಾನಾ ರಾಜ್ಯದಲ್ಲಿದೆ. ಹೆನ್ರಿ ಪ್ಲಮರ್ ಎಂಬ ಶೆರಿಫನನ್ನು ಕುರಿತ ಐತಿಹ್ಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ಈ ಲೇಖಕನು ಆ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡಿದವನಲ್ಲ. ಮುದ್ರಿತ ಆಕರಗಳನ್ನಷ್ಟೇ ಆಧರಿಸಿ ಬರೆಯಲಾಗಿದೆ ಎಂಬುದನ್ನು ಮೊದಲಿಗೇ ಹೇಳಬೇಕು.

1862ರ ಜುಲೈಯಲ್ಲಿ ಗ್ರಾಸ್‌ಹಾಪರ್ ಎಂಬ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಅದರ ದಡದಲ್ಲಿ ಬ್ಯಾನಕ್ ಎಂಬ ಊರು ಎದ್ದಿತು. ಮರುವರ್ಷದ ಮೇ ತಿಂಗಳಲ್ಲಿ ಪೂರ್ವಕ್ಕೆ ಆಲ್ಡರ್ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ನಿಕ್ಷೇಪ ದೊರೆತು ವರ್ಜಿನಿಯಾ ಸಿಟಿ ಹುಟ್ಟಿಕೊಂಡಿತು. ಆಗ ಈ ಪ್ರದೇಶ ಹೊಸದಾಗಿ ರಚಿತವಾದ ಐಡಾಹೊ ಪ್ರಾಂತ್ಯಕ್ಕೆ ಸೇರಿತ್ತು. ಅದರ ರಾಜಧಾನಿ ಲೂಯಿಸ್ಟನ್ ಹಿಮ ಮುಚ್ಚುವ ಪರ್ವತಶ್ರೇಣಿಗಳ ಆಚೆ. ಪೂರ್ವದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದುದರಿಂದ ಒಕ್ಕೂಟ ಸರ್ಕಾರದ ಗಮನ ಈ ಕಡೆಗೆ ಇರಲಿಲ್ಲ. ನ್ಯಾಯವೆಂಬುದು ಗಣಿಗಾರರು ಬಯಲಿನಲ್ಲಿ ಸಭೆ ಸೇರಿ ನಡೆಸುವ ತೀರ್ಮಾನವಾಗಿತ್ತು. ಅಂಥದೊಂದು ವ್ಯವಸ್ಥೆಯಲ್ಲಿ 1863ರ ಮೇ 24ರಂದು ಬ್ಯಾನಕ್‌ನ ಗಣಿಗಾರರು ಪ್ಲಮರ್‌ನನ್ನು ಶೆರಿಫನನ್ನಾಗಿ ಆರಿಸಿದರು.

ಪ್ಲಮರ್ ಪೂರ್ವ ಕರಾವಳಿಯ ಮೇನ್ ರಾಜ್ಯದವನು. ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿಯಲ್ಲಿ ಮಾರ್ಷಲ್ ಆಗಿದ್ದವನು. ಅಲ್ಲಿಯೇ ಒಬ್ಬನನ್ನು ಗುಂಡಿಟ್ಟು ಕೊಂದ ಅಪರಾಧಕ್ಕೆ ಸೆರೆಮನೆ ಕಂಡವನು. ಕ್ಷಯರೋಗದ ಕಾರಣದಿಂದ 1859ರಲ್ಲಿ ಕ್ಷಮಾದಾನ ಪಡೆದು ಹೊರಬಂದವನು. ಮೃದುಮಾತಿನ, ನಯವಾದ ನಡೆನುಡಿಯ ಮನುಷ್ಯ ಎಂಬುದನ್ನು ಅವನ ವಿರೋಧಿಗಳೂ ಒಪ್ಪುತ್ತಾರೆ. ಆ ನಯವನ್ನೇ ಐತಿಹ್ಯವು ಮುಂದೆ ವಂಚನೆಯ ಗುರುತಾಗಿ ಮಾರ್ಪಡಿಸಿಕೊಂಡಿತು.

1863ರ ಕೊನೆಯಲ್ಲಿ ದಾರಿಹೋಕರ ಮೇಲೆ ದರೋಡೆಗಳಾದವು. ನಿಕೋಲಸ್ ಟೀಬಾಲ್ಟ್ ಎಂಬ ತರುಣನ ಕೊಲೆಯಾಯಿತು. ಅದಕ್ಕಾಗಿ ಜಾರ್ಜ್ ಐವ್ಸ್ ಎಂಬಾತನನ್ನು ಡಿಸೆಂಬರ್ 19ರಿಂದ ಮೂರು ದಿನ ಬಯಲಿನಲ್ಲಿ ವಿಚಾರಣೆಗೊಳಪಡಿಸಿ ಗಲ್ಲಿಗೇರಿಸಲಾಯಿತು. ಅಲ್ಲಿ ಆರೋಪಿಗೆ ವಕೀಲರಿದ್ದರು, ತೀರ್ಪುಗಾರರಿದ್ದರು ಎಂಬುದನ್ನು ಗಮನಿಸಬೇಕು. ಅದಾದ ಎರಡೇ ದಿನಗಳಲ್ಲಿ ಪ್ರಮಾಣಬದ್ಧರಾದ ಕೆಲವರು ಗುಪ್ತವಾಗಿ ಒಂದು ಕಾವಲುಕೂಟ ಕಟ್ಟಿಕೊಂಡರು. ಇವರೇ ಮೊಂಟಾನಾದ ವಿಜಿಲಾಂಟಿಗಳು. ಬಯಲು ನ್ಯಾಯಾಲಯ ಅಲ್ಲಿಗೆ ಮುಗಿಯಿತು.

ಜನವರಿ 4ರಂದು ಕೂಟದವರು ರೆಡ್ ಯೇಗರ್ ಎಂಬವನನ್ನು ಹಿಡಿದು ಗಲ್ಲಿಗೆ ಹಾಕಿದರು. ಸಾಯುವ ಮುನ್ನ ಅವನು ದರೋಡೆಕೋರರ ಹೆಸರುಗಳ ಪಟ್ಟಿಯನ್ನೇ ಕೊಟ್ಟನೆಂದೂ ಶೆರಿಫನೇ ಅವರ ನಾಯಕನೆಂದು ನುಡಿದನೆಂದೂ ಹೇಳಲಾಯಿತು. ಜನವರಿ 10ರ ರಾತ್ರಿ ಬ್ಯಾನಕ್‌ನಲ್ಲಿ ಪ್ಲಮರ್ ಮತ್ತು ಅವನ ಇಬ್ಬರು ಸಹಾಯಕರಾದ ಬಕ್ ಸ್ಟಿನ್ಸನ್, ನೆಡ್ ರೇ ಇವರನ್ನು ಯಾವ ವಿಚಾರಣೆಯೂ ಇಲ್ಲದೆ ನೇತುಹಾಕಲಾಯಿತು. ಜನವರಿ 14ರಂದು ವರ್ಜಿನಿಯಾ ಸಿಟಿಯಲ್ಲಿ ಐವರನ್ನು ಒಂದೇ ತೊಲೆಗೆ ನೇತುಹಾಕಿದರು. ಒಂದು ತಿಂಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಜನ ಹೀಗೆ ಸತ್ತರು.

ಈ ನಡುವೆ ಜನವರಿ 11ರಂದು ನಡೆದದ್ದನ್ನು ಜನಪ್ರಿಯ ಕಥನಗಳು ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತವೆ. ಹೋಸೆ ಪಿಜಾಂಥಿಯಾ ಎಂಬ ಮೆಕ್ಸಿಕನ್ನನ ಗುಡಿಸಲಿಗೆ ಗುಂಪು ನುಗ್ಗಿತು. ಅವನು ಒಳಗಿನಿಂದ ಗುಂಡು ಹಾರಿಸಿದಾಗ ಒಬ್ಬ ಸತ್ತ, ಇನ್ನೊಬ್ಬ ಗಾಯಗೊಂಡ. ಗುಂಪು ಸಣ್ಣ ಫಿರಂಗಿಯೊಂದನ್ನು ತಂದು ಗುಡಿಸಲನ್ನು ಹೊಡೆದುರುಳಿಸಿತು. ಅವನನ್ನು ಕೊಂದು, ಹೆಣವನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಕಂಬಕ್ಕೇರಿಸಿ, ಅದಕ್ಕೆ ಮತ್ತೆ ಗುಂಡು ಹೊಡೆದು, ಕೊನೆಗೆ ಉರಿಯುವ ಗುಡಿಸಲಿಗೇ ಎಸೆಯಿತು. ಮರುದಿನ ಆ ಬೂದಿಯನ್ನು ಚಿನ್ನಕ್ಕಾಗಿ ಜಾಲಿಸಿ ನೋಡಿದರಂತೆ. ಈ ವಿವರಗಳನ್ನು ದಾಖಲಿಸಿದವರು ಅವನ ಕಡೆಯವರಲ್ಲ, ಕೂಟದ ಸಮರ್ಥಕರೇ. ಆ ಫಿರಂಗಿ ಬಂದದ್ದು ಸಿಡ್ನಿ ಎಡ್ಜರ್ಟನ್ನರ ಮನೆಯಿಂದ. ಎಡ್ಜರ್ಟನ್ ಆಗ ಐಡಾಹೊ ಪ್ರಾಂತ್ಯದ ಮುಖ್ಯ ನ್ಯಾಯಾಧೀಶರು! ಕಾನೂನು ಇಲ್ಲದ ನಾಡಿನಲ್ಲಿ ಜನ ಅನಿವಾರ್ಯವಾಗಿ ಕಾನೂನನ್ನು ಕೈಗೆತ್ತಿಕೊಂಡರು ಎಂಬ ಸಾಮಾನ್ಯ ವಿವರಣೆ ಈ ಒಂದು ಸಂಗತಿಯ ಮುಂದೆ ಅಲುಗಾಡುತ್ತದೆ. ಅದೇ ವರ್ಷ ಮೊಂಟಾನಾ ಪ್ರತ್ಯೇಕ ಪ್ರಾಂತ್ಯವಾದಾಗ ಎಡ್ಜರ್ಟನ್ ಅದರ ಮೊದಲ ಗವರ್ನರರಾದರು. ಐವ್ಸ್ ವಿರುದ್ಧ ವಾದಿಸಿ, ಕೂಟ ಕಟ್ಟುವಲ್ಲಿ ಮುಂದಾಳಾಗಿದ್ದ ಅವರ ಸೋದರಳಿಯ ವಿಲ್ಬರ್ ಸ್ಯಾಂಡರ್ಸ್ ಮುಂದೆ ಸೆನೆಟರರಾದರು.

ಇನ್ನು ಕಥನದ ವಿಷಯ. ಈ ಘಟನೆಗಳ ಮೊದಲ ನಿರೂಪಕ ಥಾಮಸ್ ಡಿಮ್ಸ್‌ಡೇಲ್. ಇಂಗ್ಲೆಂಡಿನಿಂದ ಬಂದ ಶಾಲಾಮಾಸ್ತರ; ವರ್ಜಿನಿಯಾ ಸಿಟಿಯ ‘ಮೊಂಟಾನಾ ಪೋಸ್ಟ್’ ಪತ್ರಿಕೆಯ ಸಂಪಾದಕ; ಕೂಟದವರ ಆಪ್ತ. 1865ರಿಂದ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬರೆದದ್ದನ್ನು ಅವನು 1866ರಲ್ಲಿ ಪುಸ್ತಕವಾಗಿಸಿದ. ಮೊಂಟಾನಾದಲ್ಲಿ ಅಚ್ಚಾದ ಮೊದಲ ಪುಸ್ತಕ ಅದೇ. ಎರಡನೆಯ ಕಥನ ನಥಾನಿಯಲ್ ಲ್ಯಾಂಗ್‌ಫರ್ಡ್ 1890ರಲ್ಲಿ ಪ್ರಕಟಿಸಿದ್ದು. ಅವರೂ ಕೂಟದ ಬಳಗದವರೇ. ಅಂದರೆ ಇಲ್ಲಿ ಮೌಖಿಕ ಪರಂಪರೆಯಿಂದ ಮುದ್ರಣಕ್ಕೆ ಎಂಬ ನಮ್ಮ ಪರಿಚಿತ ಕ್ರಮ ಬಹುಮಟ್ಟಿಗೆ ತಿರುವುಮುರುವಾಗಿದೆ. ಅಚ್ಚಿನ ಪುಟದಿಂದ ಜನರ ಬಾಯಿಗೆ ಇಳಿದ ಕಥೆ ಇದು.

ಈ ಕಥನದ ಆಶಯಗಳನ್ನು ಬಿಡಿಸಿ ನೋಡಿದರೆ ಪ್ರತಿಯೊಂದೂ ಸಾಕ್ಷ್ಯದ ಒಂದು ಕೊರತೆಯ ಜಾಗದಲ್ಲಿ ಕುಳಿತಿರುವುದು ಕಾಣುತ್ತದೆ. ದರೋಡೆಕೋರರು ತಮ್ಮನ್ನು ‘ನಿರಪರಾಧಿಗಳು’ ಎಂದು ಕರೆದುಕೊಳ್ಳುತ್ತಿದ್ದರು, ‘ನಾನು ನಿರಪರಾಧಿ’ ಎಂಬುದೇ ಅವರ ಗುಪ್ತಸಂಕೇತವಾಗಿತ್ತು ಎಂಬ ಆಶಯವನ್ನೇ ತೆಗೆದುಕೊಳ್ಳಬಹುದು. ಸಿಕ್ಕಿಬಿದ್ದವನು ತಾನು ತಪ್ಪು ಮಾಡಿಲ್ಲ ಎಂದು ಅಂಗಲಾಚಿದರೆ ಆ ಮಾತೇ ಅಪರಾಧದ ಗುರುತಾಗುವಂಥ ಏರ್ಪಾಡು! ಐತಿಹ್ಯರಚನೆಯ ಇಷ್ಟು ನಿಷ್ಕರುಣ ಜಾಣ್ಮೆಯನ್ನು ಬೇರೆಡೆ ನಾನು ಕಂಡಿಲ್ಲ. ಡಿಮ್ಸ್‌ಡೇಲ್ ಕೊಡುವ 102 ಕೊಲೆಗಳ ಲೆಕ್ಕ ಇನ್ನೊಂದು ಬಗೆಯದು. ಅಷ್ಟು ಹತರ ಹೆಸರುಗಳನ್ನು ಅವನು ಕೊಡುವುದಿಲ್ಲ. ಆದರೆ ನೂರು ಎನ್ನದೆ ನೂರ ಎರಡು ಎಂದುದರಿಂದ ಎಣಿಸಿದ ಲೆಕ್ಕವೆಂಬ ನಂಬಿಕೆ ಹುಟ್ಟುತ್ತದೆ. ಯೇಗರನ ಪಟ್ಟಿಯಂತೂ ಕೊಟ್ಟವನ ಜೊತೆಗೇ ಪರೀಕ್ಷೆಗೆ ಸಿಗದಂತಾಯಿತು.

ಪ್ಲಮರ್ ಸತ್ತದ್ದು ಶೆರಿಫನಾಗಿ ತಾನೇ ಕಟ್ಟಿಸಿದ್ದ ಗಲ್ಲುಗಂಬದಲ್ಲಿ ಎಂಬುದು ಎಲ್ಲ ಹೇಳಿಕೆಗಳಲ್ಲೂ ಮೆರೆಯುವ ಆಶಯ. ತೋಡಿದ ಗುಂಡಿಗೆ ತಾನೇ ಬೀಳುವ ಖಳನ ಈ ಮಾದರಿ ನಮ್ಮ ಕಥೆಗಳಲ್ಲೂ ಉಂಟು. ತನ್ನ ತೂಕದಷ್ಟು ಚಿನ್ನ ಕೊಡುತ್ತೇನೆ, ಬಿಟ್ಟುಬಿಡಿ ಎಂದು ಅವನು ಬೇಡಿದನೆಂಬ ಮಾತೂ ಇದರ ಜೊತೆಗಿದೆ. ಇದರಿಂದ ಬೆಳೆದದ್ದು ನಿಧಿಯ ಐತಿಹ್ಯ. ಹೂತಿಟ್ಟ ಚಿನ್ನಕ್ಕಾಗಿ ಜನ ತಲೆಮಾರುಗಳಿಂದ ಹುಡುಕಿದ್ದಾರೆ. ನಿಧಿ ಸಿಗದಿರುವುದು ಅದು ಇರಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗದೆ, ಅವನು ಅದನ್ನು ಜಾಣತನದಿಂದ ಬಚ್ಚಿಟ್ಟನೆಂಬುದಕ್ಕೇ ಸಾಕ್ಷ್ಯವಾಗಿ ಉಳಿದಿದೆ.

ದೇಹಾವಶೇಷಗಳನ್ನು ಕುರಿತ ಕಥೆಗಳು ಇನ್ನೊಂದು ಗುಂಪು. ಪ್ಲಮರ್‌ನ ಗೋರಿಯನ್ನು ಅಗೆದು ತಲೆಬುರುಡೆಯನ್ನು ಒಯ್ದರು, ಅದು ಬ್ಯಾನಕ್‌ನ ಮದ್ಯದಂಗಡಿಯೊಂದರಲ್ಲಿದ್ದು ಬೆಂಕಿಗೆ ಆಹುತಿಯಾಯಿತು ಎನ್ನುತ್ತಾರೆ. ವರ್ಜಿನಿಯಾ ಸಿಟಿಯಲ್ಲಿ ನೇತುಬಿದ್ದ ಐವರಲ್ಲಿ ಒಬ್ಬನಾದ ಜಾರ್ಜ್ ಲೇನ್ ಹುಟ್ಟಿನಿಂದ ಸೊಟ್ಟಗಾಲಿನವನು. 1907ರಲ್ಲಿ ಗೋರಿಯಿಂದ ತೆಗೆದ ಅವನ ಪಾದವನ್ನು ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಬಹುಕಾಲ ಪ್ರದರ್ಶನಕ್ಕೆ ಇಡಲಾಗಿತ್ತು. ರಾಯಣ್ಣನ ಸಮಾಧಿಯ ಮರವನ್ನು ಇಲ್ಲಿ ನೆನೆಯದೆ ಇರಲಾಗದು. ಎರಡು ಕಡೆಯೂ ಗಲ್ಲಿನ ಮರಣವೇ. ಒಂದೆಡೆ ಹರಕೆ, ಇನ್ನೊಂದೆಡೆ ಗಾಜಿನ ಪೆಟ್ಟಿಗೆ.

ಕೂಟದ ಹೆಸರಿಗೆ ಅಂಟಿಕೊಂಡಿರುವ ‘3-7-77’ ಎಂಬ ಅಂಕಿಗಳ ಕಥೆ ಸಂಶೋಧಕರಿಗೆ ಒಂದು ಎಚ್ಚರಿಕೆ. ಗೋರಿಯ ಅಳತೆ ಎಂದರು ಕೆಲವರು: 3 ಅಡಿ ಅಗಲ, 7 ಅಡಿ ಉದ್ದ, 77 ಅಂಗುಲ ಆಳ. ಊರು ಬಿಟ್ಟು ಹೋಗಲು 3 ಡಾಲರ್ ಕೊಟ್ಟು 7 ಗಂಟೆಯ ಗಾಡಿ ಹತ್ತಬೇಕೆಂಬ ಸೂಚನೆ ಎಂದರು ಇನ್ನು ಕೆಲವರು. ವಾಸ್ತವವಾಗಿ ಈ ಅಂಕಿಗಳು ಕಾಣಿಸಿಕೊಂಡದ್ದು 1879ರಲ್ಲಿ, ಹೆಲೆನಾ ನಗರದಲ್ಲಿ. 1864ಕ್ಕೆ ಅವನ್ನು ಹಿಂದೊಯ್ದು ಕೂಡಿಸಿದ್ದು ಜನರ ನೆನಪು. 1917ರ ಆಗಸ್ಟ್ 1ರಂದು ಬ್ಯೂಟ್ ನಗರದಲ್ಲಿ ಕಾರ್ಮಿಕ ಸಂಘಟಕ ಫ್ರಾಂಕ್ ಲಿಟ್ಲ್‌ರನ್ನು ಮುಸುಕುಧಾರಿಗಳು ಸೇತುವೆಗೆ ನೇತುಹಾಕಿ ಕೊಂದಾಗ ಅವರ ದೇಹಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲೂ ಇದೇ ಅಂಕಿಗಳಿದ್ದವು. ಹಂತಕರು ಯಾರೆಂದು ಪತ್ತೆಯಾಗಲೇ ಇಲ್ಲ. 1956ರಿಂದ ಮೊಂಟಾನಾ ಹೆದ್ದಾರಿ ಪೊಲೀಸರ ಲಾಂಛನದಲ್ಲಿಯೂ ಅವು ಸೇರಿವೆ.

ಪ್ಲಮರ್‌ನ ಪರವಾದ ವಾದ ಗಟ್ಟಿಯಾಗಿ ಕೇಳಿಬಂದದ್ದು ತೀರ ತಡವಾಗಿ. 1987ರಲ್ಲಿ ಮೇಥರ್ ಮತ್ತು ಬಾಸ್‌ವೆಲ್ ಎಂಬ ಲೇಖಕರು, ಅಂಥದೊಂದು ಸಂಘಟಿತ ತಂಡ ಇತ್ತೆಂಬುದಕ್ಕೇ ಆಧಾರವಿಲ್ಲವೆಂದು ವಾದಿಸಿದರು. ಅವರ ನಿಲುವನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ, ಅವನು ನಿರಪರಾಧಿಯೆಂದು ಸಾಧಿಸುವುದೂ ಅಪರಾಧಿಯೆಂದು ಸಾಧಿಸುವಷ್ಟೇ ಕಷ್ಟ. ಪರೀಕ್ಷಿಸಬಹುದಾಗಿದ್ದ ಸಾಕ್ಷಿಗಳನ್ನು ಕೂಟವೇ ಒಬ್ಬೊಬ್ಬರನ್ನಾಗಿ ಮುಗಿಸಿತ್ತು. 1993ರ ಮೇ 7ರಂದು ವರ್ಜಿನಿಯಾ ಸಿಟಿಯಲ್ಲಿ ಪ್ಲಮರ್‌ನ ಮರಣೋತ್ತರ ವಿಚಾರಣೆಯೊಂದನ್ನು ಏರ್ಪಡಿಸಲಾಯಿತು. ವಕೀಲರು ವಾದಿಸಿದರು, ಸಾಕ್ಷಿಗಳ ಪಾತ್ರಗಳನ್ನು ಕರೆಸಲಾಯಿತು. ಹನ್ನೆರಡು ಮಂದಿ ತೀರ್ಪುಗಾರರಲ್ಲಿ ಆರು ಜನ ಅಪರಾಧಿ ಎಂದರು, ಆರು ಜನ ಅಲ್ಲ ಎಂದರು. ತೀರ್ಪಿಲ್ಲದೆಯೇ ವಿಚಾರಣೆ ಮುಗಿಯಿತು.