ನಿಮಗಿದು ಗೊತ್ತೆ? ಕೆಳಗೆ ಕಾರು, ಮೇಲೆ ಸೊಪ್ಪು!

ಸಿಂಗಪುರ ತನ್ನ ಆಹಾರದಲ್ಲಿ ಶೇ 90ಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಕೃಷಿಗಿರುವುದು ನೆಲದ ಸುಮಾರು ಶೇ 1 ಮಾತ್ರ. ಹಾಗಾಗಿ 2020ರಲ್ಲಿ ಬಡಾವಣೆಗಳ ಬಹುಮಹಡಿ ಕಾರು ನಿಲ್ದಾಣಗಳ ತಾರಸಿಯನ್ನೇ ತರಕಾರಿ ಬೆಳೆಯುವವರಿಗೆ ಟೆಂಡರ್ ಕರೆದು ಬಾಡಿಗೆಗೆ ಕೊಡಲಾಯಿತು. 2030ರೊಳಗೆ ಪೌಷ್ಟಿಕ ಅಗತ್ಯದ ಶೇ 30ರಷ್ಟನ್ನು ಸ್ವಂತ ನೆಲದಲ್ಲೇ ಬೆಳೆಯುವ ಗುರಿಯನ್ನು ಸರ್ಕಾರ 2019ರಲ್ಲಿ ಸಾರಿತ್ತು. ಆದರೆ ಖರ್ಚು ಕೈಮೀರಿ ಹಲವು ತೋಟಗಳು ಮುಚ್ಚಿದವು. 2025ರ ನವೆಂಬರ್‌ನಲ್ಲಿ ಸರ್ಕಾರ ಆ ಗುರಿಯನ್ನೇ ಕೈಬಿಟ್ಟಿತು.

ಈ ತಾರಸಿ ತೋಟಗಳಿಗಿಂತ ಹೆಚ್ಚು ಮೆಚ್ಚಬೇಕಾದದ್ದು 2024ರ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ಆಹಾರ ದಾನದ ಕಾಯ್ದೆ. ಹೋಟೆಲು, ಅಂಗಡಿಗಳು ಸುರಕ್ಷತೆ, ಶುಚಿತ್ವದ ನಿಯಮ ಪಾಲಿಸಿ ಮಿಕ್ಕ ಆಹಾರವನ್ನು ದಾನ ಕೊಟ್ಟರೆ, ಉಂಡವರಿಗೆ ಆಮೇಲೆ ತೊಂದರೆಯಾದರೂ ಕಾನೂನಿನ ಹೊಣೆ ದಾನಿಯ ಮೇಲೆ ಬೀಳುವುದಿಲ್ಲ. ನಮ್ಮ ಮದುವೆ ಛತ್ರಗಳಿಗೂ ಇಂಥದೊಂದು ಕಾಯ್ದೆ ಬೇಕು.