ಬಿಸಿಲ ನಾಡಿನ ಕಾರಿಗೆ ಯಾವ ಎಣ್ಣೆ?

ಶಹಾಬಾದ್ ಪಕ್ಕದ ಭಂಕೂರ ಹಾಸುಗಲ್ಲಿನ ಸೀಮೆ. ಕಲ್ಲು, ಸಿಮೆಂಟ್ ಹೊತ್ತ ಲಾರಿಗಳು ಓಡಾಡುವ ಇಲ್ಲಿನ ರಸ್ತೆಗಳಲ್ಲಿ ಈಗ ಟರ್ಬೊ ಎಂಜಿನ್ನಿನ ವೇಗದ ಕಾರುಗಳೂ ಕಾಣಿಸುತ್ತವೆ. ಕಾರಿನ ಬೆಲೆ, ಬಣ್ಣ, ಮೈಲೇಜುಗಳನ್ನು ವಾರಗಟ್ಟಲೆ ವಿಚಾರಿಸುವ ನಾವು, ಅದರೊಳಗೆ ಹರಿಯುವ ದ್ರವಗಳ ಆಯ್ಕೆಯನ್ನು ಮಾತ್ರ ಬಾಯಿಮಾತಿಗೆ ಬಿಟ್ಟುಬಿಡುತ್ತೇವೆ.

‘ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸರಿ’ ಎಂಬುದು ಅಂಥದೊಂದು ಮಾತು. ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 42 ಡಿಗ್ರಿ ದಾಟುವುದುಂಟು, ನಿಜ. ಆದರೆ ಓಡುವ ಎಂಜಿನ್ನಿನೊಳಗೆ ಎಣ್ಣೆಯ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 5ಡಬ್ಲ್ಯು-30 ಎಂಬ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ, ಎರಡನೆಯದು 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊ ದಂಡವನ್ನು ಕಾಪಾಡುವುದು ಎಣ್ಣೆಯ ತೆಳುಪದರ. ತಯಾರಕರು ಹೇಳಿದ್ದಕ್ಕಿಂತ ದಪ್ಪನೆಯ ಎಣ್ಣೆ ಎಂಜಿನ್ ಚಾಲೂ ಮಾಡಿದೊಡನೆ ಅಲ್ಲಿಗೆ ತಲುಪಲು ತಡವಾಗುತ್ತದೆ. ಬಿಎಸ್-6 ಡೀಸೆಲ್ ಕಾರುಗಳಿಗೆ ಬೂದಿಯ ಅಂಶ ಕಡಿಮೆಯಿರುವ ಎಣ್ಣೆಯೇ ಬೇಕು. ಇಲ್ಲವಾದರೆ ಹೊಗೆ ಸೋಸುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಜೀವದ ಪ್ರಶ್ನೆ ಬರುವುದು ಬ್ರೇಕ್ ಎಣ್ಣೆಯಲ್ಲಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಸೇರಿದ ಮೇಲೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ವೇಗದಲ್ಲಿ ಪದೇ ಪದೇ ಬ್ರೇಕ್ ಒತ್ತಿದಾಗ ಎಣ್ಣೆ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಕಾರು ನಿಲ್ಲದು. ಆದ್ದರಿಂದಲೇ ಬಹುತೇಕ ತಯಾರಕರು ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಹೇಳುತ್ತಾರೆ.

ರೇಡಿಯೇಟರಿನ ಕಥೆ ಈ ನೆಲಕ್ಕೇ ಅಂಟಿಕೊಂಡದ್ದು. ಸುಣ್ಣಕಲ್ಲಿನ ಸೀಮೆಯ ಬಾವಿ, ಬೋರ್‌ವೆಲ್‌ಗಳ ನೀರು ಗಡುಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಅದೇ ನೀರು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಕೂಲಂಟ್‌ಗೆ ಬೆರೆಸಬೇಕಾದದ್ದು ಭಟ್ಟಿ ಇಳಿಸಿದ ನೀರು.

ಇಷ್ಟು ಸರಳ ಸಂಗತಿ ಗ್ರಾಹಕನಿಗೆ ತಲುಪದಿರುವುದೇಕೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಪೇಟೆಯಿಂದ ಹೊರದೂಡುತ್ತದೆ ಎಂಬುದು ಅವರ ವಾದದ ತಿರುಳು. ಎಣ್ಣೆಯ ಡಬ್ಬಿಗೂ ಇದು ಅನ್ವಯಿಸುತ್ತದೆ. ನಕಲಿ ಎಣ್ಣೆಯ ಬಣ್ಣ ನೋಡಿ ಅಸಲಿಯಿಂದ ಬೇರ್ಪಡಿಸಲಾಗದು. ಎಂಜಿನ್ ಸವೆದ ಮೇಲಷ್ಟೇ ಅದು ತಿಳಿಯುತ್ತದೆ.

ಅತಿ ದುಬಾರಿ ಎಣ್ಣೆ ಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಕಾರಿನ ಕೈಪಿಡಿಯಲ್ಲಿರುವ ದರ್ಜೆಯನ್ನೇ ಕೇಳಿ, ಸೀಲು ಮುರಿಯದ ಡಬ್ಬಿಯನ್ನು ಬಿಲ್ಲಿನೊಡನೆ ಪಡೆಯಬೇಕು. ಆದರೆ ಹೊಣೆ ಗ್ರಾಹಕನೊಬ್ಬನದೇ ಅಲ್ಲ. ದರ್ಜೆ ಮತ್ತು ಬದಲಾವಣೆಯ ಅವಧಿಯನ್ನು ಡಬ್ಬಿಯ ಮೇಲೆ ಕನ್ನಡದಲ್ಲೂ ಮುದ್ರಿಸುವುದು ಕಂಪನಿಗಳಿಗೆ ಭಾರವಾಗದು.

ಹೊರತೆಗೆದ ಹಳೆಯ ಎಣ್ಣೆಯದೂ ಒಂದು ಲೆಕ್ಕವಿದೆ. ಅದನ್ನು ಮರುಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರಿನಂತೆ ಎಣ್ಣೆಯೂ ಇಳಿಯುತ್ತದೆ. ಪಾಳುಬಿದ್ದ ಗಣಿಗುಂಡಿಗೆ ಸುರಿದದ್ದು ಬಾವಿಯ ನೀರಿಗೆ ಸೇರಬಹುದು. ಸಂಗ್ರಹಣೆಯ ವ್ಯವಸ್ಥೆ ತಾಲ್ಲೂಕಿನ ಗ್ಯಾರೇಜುಗಳವರೆಗೂ ತಲುಪಿದಾಗಲೇ ಆ ನಿಯಮಕ್ಕೆ ಅರ್ಥ ಬರುತ್ತದೆ.