ಕಂಪನಿ ಕೊಟ್ಟ ತವರದ ಬಿಲ್ಲೆ

ಮೈಸೂರಿನ ಹಳೆಯ ಬಡಾವಣೆಯೊಂದರ ಹಂಚಿನ ಮನೆ. ನಾನು ಹೋದದ್ದು ಟಿಪ್ಪುವಿನ ಕಾಲದ ಆನೆ ಕಾಸು ನೋಡಲು. ಮನೆಯ ಯಜಮಾನರು ಎಂಬತ್ತು ದಾಟಿದವರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದಂದಿನಿಂದ ನಾಣ್ಯಗಳೇ ಅವರ ಒಡನಾಡಿಗಳು. ಕಾಸುಗಳನ್ನೆಲ್ಲ ಒಂದೊಂದಾಗಿ ತೋರಿಸಿ ಮುಗಿಸಿ, ಕಾಫಿ ಲೋಟ ಕೆಳಗಿಟ್ಟು, ಒಳಗೆ ಹೋಗಿ ಹತ್ತಿಯಲ್ಲಿ ಸುತ್ತಿದ್ದ ಬಿಲ್ಲೆಯೊಂದನ್ನು ತಂದರು. "ಇದು ಕಾಸಲ್ಲ. ಎಲ್ಲಿ, ಕೈ ಹಿಡೀರಿ" ಎಂದರು.

ಅಂಗೈಯಲ್ಲಿ ಅರ್ಧ ತುಂಬುವಷ್ಟು ದೊಡ್ಡದು. ಬೆಳ್ಳಿಯಿರಬಹುದು ಅಂದುಕೊಂಡರೆ ಬೆಳ್ಳಿಯ ತೂಕವಿಲ್ಲ. ಮೋಡದ ಬಣ್ಣಕ್ಕೆ ತಿರುಗಿದ ಮೈ, ತುಂಬ ಗೀರುಗಳು, ಮೇಲಂಚಿನಲ್ಲಿ ಯಾರೋ ಕೈಯಾರೆ ಕೊರೆದ ಓರೆ ತೂತು. "ತವರ" ಎಂದರು ಹಿರಿಯರು. "ಪಾತ್ರೆಗೆ ಕಲಾಯಿ ಹಾಕ್ತಾರಲ್ಲ, ಅದೇ."

ಆ ಬಿಲ್ಲೆ ಕಲಾಯಿಗೇ ಹೋಗಬೇಕಿತ್ತಂತೆ. ಅವರ ತಾತನ ಕಾಲದಲ್ಲಿ ವರ್ಷಕ್ಕೊಮ್ಮೆ ಕಲಾಯಿಯವನು ಬೀದಿಗೆ ಬಂದು ಗುಂಡಿ ತೋಡಿ, ತಿದಿ ಹೂಡಿ ಕೂರುತ್ತಿದ್ದ. ಮನೆಮನೆಯ ತಾಮ್ರ, ಹಿತ್ತಾಳೆ ಪಾತ್ರೆಗಳು ಅವನ ಮುಂದೆ ರಾಶಿ ಬೀಳುತ್ತಿದ್ದವು. ಮನೆಯಲ್ಲೇ ಹಳೆಯ ತವರವಿದ್ದರೆ ಕೊಟ್ಟು ಕೂಲಿಯಲ್ಲಿ ನಾಲ್ಕು ಕಾಸು ಉಳಿಸುವುದು ಹೆಂಗಸರ ಜಾಣತನ. ಹಾಗೆ ಅಜ್ಜಿ ಅಟ್ಟದ ಡಬ್ಬಿಯಿಂದ ತೆಗೆದು ಕೊಟ್ಟದ್ದು ಈ ಬಿಲ್ಲೆ. ಪಾತ್ರೆ ಎಣಿಸಲು ಹೊರಗೆ ಬಂದ ತಾತ ಅದರ ಮೇಲೊಂದು ಹುಲಿ ಮಲಗಿರುವುದನ್ನು ಕಂಡರು. ಕೆಂಡದ ಪಕ್ಕದಿಂದ ಎತ್ತಿಕೊಂಡು ಒಳಗೆ ಹೋದರು. ತವರ ಕರಗುವುದಕ್ಕೆ 232 ಡಿಗ್ರಿ ಸೆಲ್ಸಿಯಸ್ ಸಾಕು. ಇನ್ನೊಂದು ನಿಮಿಷ ತಡವಾಗಿದ್ದರೆ ಶ್ರೀರಂಗಪಟ್ಟಣದ ಪತನ ಒಂದು ಸಾರಿನ ಪಾತ್ರೆಯ ಒಳಮೈಗೆ ಹೊಳಪಾಗಿ ಬಳಿದುಹೋಗುತ್ತಿತ್ತು.

ಹೌದು, ಅದು ಶ್ರೀರಂಗಪಟ್ಟಣ ಪದಕ. 1799ರ ಮೇ 4ರಂದು ಕೋಟೆ ಬಿದ್ದದ್ದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಆ ಯುದ್ಧದಲ್ಲಿದ್ದ ತನ್ನ ಸೈನಿಕರಿಗೆ ಕೊಟ್ಟದ್ದು. ಕೊಟ್ಟದ್ದು ರಾಜನಲ್ಲ, ದೇಶವಲ್ಲ, ಒಂದು ವ್ಯಾಪಾರದ ಕಂಪನಿ. ಸಿಪಾಯಿ ಆ ಕಂಪನಿಯ ಸಂಬಳದವನು. ಇಂದಿನ ಕಾರ್ಖಾನೆಗಳು ಇಪ್ಪತ್ತೈದು ವರ್ಷ ದುಡಿದವರಿಗೆ ಗಡಿಯಾರ ಕೊಡುವಂತೆ ಅಂದಿನ ಧಣಿ ಯುದ್ಧ ಮಾಡಿದ ನೌಕರನಿಗೆ ಬಿಲ್ಲೆ ಕೊಟ್ಟ.

ಹಿರಿಯರು ಭೂತಗನ್ನಡಿ ಹಿಡಿದು ತೋರಿಸಿದ್ದನ್ನು ಹೇಳದೆ ಮುಂದೆ ಹೋಗಲಾರೆ. ಮುಂಬದಿಯಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಅಂಗಾತ ಕೆಡವಿ ಮೇಲೆ ನಿಂತಿದೆ. ಹಿಂದೆ ಹಾರುವ ಬಾವುಟ. ಬಾವುಟದ ಒಂದು ಕಡೆ ಬ್ರಿಟಿಷರ ಗುರುತು, ಉಳಿದ ಕಡೆ ಅರಬ್ಬಿ ಅಕ್ಷರ: 'ಅಸದುಲ್ಲಾ ಅಲ್ ಗಾಲಿಬ್'. ದೇವರ ಸಿಂಹ, ಗೆಲ್ಲುವವನು ಎಂದರ್ಥ. ಪ್ರವಾದಿಯವರ ಅಳಿಯ ಹಜರತ್ ಅಲಿಯವರ ಬಿರುದು ಅದು.

ಆದರೆ ಈ ಮಾತು ಬಾವುಟಕ್ಕೆ ಬಂದದ್ದು ಎಲ್ಲಿಂದ? ಟಿಪ್ಪುವಿನ ಆಯುಧಗಳಿಂದ. ಇದೇ ಅಕ್ಷರಗಳನ್ನು ಬಾಗಿಸಿ, ಹೆಣೆದು, ಹುಲಿಯ ಮುಖವಾಗುವಂತೆ ಜೋಡಿಸಿ ಟಿಪ್ಪು ತನ್ನ ಬಾವುಟ, ಕತ್ತಿ, ಬಂದೂಕುಗಳ ಮೇಲೆ ಬರೆಸಿಕೊಂಡಿದ್ದ. ತಂದೆಯ ಹೆಸರು ಹೈದರ್, ಅದಕ್ಕೂ ಸಿಂಹವೆಂದೇ ಅರ್ಥ. ಅರಮನೆಯಲ್ಲಿ ಸಿಕ್ಕ, ಬಿಳಿಯನ ಮೇಲೆ ಬಿದ್ದು ಗುರುಗುಟ್ಟುವ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಆಟಿಕೆಯನ್ನು ತಲೆಕೆಳಗು ಮಾಡಿದರೆ ಈ ಪದಕದ ಚಿತ್ರ. ಗೆದ್ದವರು ಕೋಟೆಯನ್ನಷ್ಟೇ ತೆಗೆದುಕೊಳ್ಳಲಿಲ್ಲ, ಸೋತವನ ಪ್ರಾರ್ಥನೆಯ ಮಾತನ್ನೂ ಎತ್ತಿಕೊಂಡು ತಮ್ಮ ಸಿಂಹದ ಬಾಯಿಗೆ ಇಟ್ಟರು. ಎರಡು ಶತಮಾನ ಕಳೆದ ಮೇಲೂ ಅದನ್ನು ನೋಡಿ ನನ್ನ ಮೈ ಜುಮ್ಮೆಂದಿತು.

ಹಿಂಬದಿಯಲ್ಲಿ ಕೋಟೆ. ಒಡೆದ ಗೋಡೆಯ ಸಂದಿಗೆ ನುಗ್ಗುವ ಸೈನಿಕರು, ಮೇಲೆ ನೆತ್ತಿಯ ಸೂರ್ಯ. ಸೂರ್ಯನನ್ನು ಅಂದಕ್ಕಾಗಿ ಕೆತ್ತಿದ್ದಲ್ಲ. ಮುತ್ತಿಗೆ ಹಾಕಿದ್ದ ಜನರಲ್ ಹ್ಯಾರಿಸ್ ದಾಳಿಗೆ ಆರಿಸಿಕೊಂಡದ್ದೇ ಮಧ್ಯಾಹ್ನದ ಹೊತ್ತು. ಮೇ ತಿಂಗಳ ಬಿಸಿಲಿಗೆ ಕೋಟೆಯೊಳಗಿನವರು ನೆರಳು ಸೇರಿರುತ್ತಾರೆಂಬ ಲೆಕ್ಕ. ಒಂದು ಗಂಟೆಯ ಸುಮಾರಿಗೆ ಡೇವಿಡ್ ಬೇರ್ಡ್ ಮುಂದಾಳಾಗಿ ಕಾವೇರಿಯ ಬಂಡೆ ಹಾಸಿಗೆಗೆ ಇಳಿದ. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕು 1784ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಬಂಧಿಯಾಗಿದ್ದವನು ಅವನು. ಮಳೆ ಬರುವ ಮುಂಚಿನ ಕಾವೇರಿ, ದಾಟಬಹುದಾದಷ್ಟೇ ನೀರು. ಕೆಲವೇ ನಿಮಿಷಗಳಲ್ಲಿ ಬಾವುಟ ಗೋಡೆಯ ಮೇಲಿತ್ತು, ಸಂಜೆ ಕಳೆದ ಮೇಲೆ ಹೆಣಗಳ ರಾಶಿಯಲ್ಲಿ ಸುಲ್ತಾನ ಸಿಕ್ಕ. ಚಿತ್ರದ ಕೆಳಗೆ ಪಾರಸಿಯಲ್ಲಿ, ಈ ಕೋಟೆ ದೇವರು ಗೆಲ್ಲಿಸಿಕೊಟ್ಟದ್ದು ಎಂಬ ಅರ್ಥದ ಸಾಲೂ ಹಿಜರಿ 1213ರ ತೇದಿಯೂ ಇವೆ.

ಮಾರನೆಯ ವಾರ ನಾನು ಆ ಒಡಕಿನ ಬಳಿ ಹೋಗಿ ನಿಂತೆ. ಸ್ಮಾರಕದ ಕಂಬವಿದೆ, ಪಕ್ಕದಲ್ಲಿ ಹೊಳೆ ಹರಿಯುತ್ತದೆ. ಜೇಬಿನಲ್ಲಿದ್ದ ಪದಕದ ಫೋಟೊ ಹಿಡಿದು ನೋಡಿದರೆ, ಕೆತ್ತಿದವನು ನೋಟವನ್ನು ನಿಲ್ಲಿಸಿರುವುದು ಹೊಳೆಯ ಆಚೆ ದಡದಲ್ಲಿ, ದಾಳಿ ಮಾಡಿದವರ ಕಣ್ಣಿನಲ್ಲಿ. ಗೋಡೆಯ ಒಳಗೆ ನಿಂತವರಿಗೆ ಕಂಡದ್ದು ಆ ಬಿಲ್ಲೆಯಲ್ಲಿಲ್ಲ.

ಕೆತ್ತಿದವನ ಹೆಸರು ಕಾನ್ರಾಡ್ ಹೈನ್‌ರಿಕ್ ಕ್ಯೂಷ್ಲರ್, ಜರ್ಮನಿಯವನು. ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ ಸ್ಥಾಪಿಸಿದ ಸೋಹೊ ಟಂಕಸಾಲೆಯಲ್ಲಿ ಅಚ್ಚು ಕೊರೆಯುತ್ತಿದ್ದ. ಈ ಬೌಲ್ಟನ್ ಉಗಿಯಂತ್ರದ ಜೇಮ್ಸ್ ವಾಟ್‌ನ ಪಾಲುದಾರ. ಉಗಿಯ ಬಲದಿಂದ ನಾಣ್ಯ ಒತ್ತುವುದನ್ನು ಜಗತ್ತಿಗೆ ತೋರಿಸಿಕೊಟ್ಟವನು. ಉಕ್ಕಿನ ಅಚ್ಚಿನಲ್ಲಿ ಚಿತ್ರವನ್ನು ತಿರುಗುಮುರುಗಾಗಿ ಕೈಯಲ್ಲೇ ಕೊರೆದು, ಕಾಯಿಸಿ ಗಟ್ಟಿ ಮಾಡಿ, ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಒತ್ತುವುದು ಕ್ರಮ. ತಾಮ್ರಕ್ಕೆ ಮತ್ತೆ ಮತ್ತೆ ಪೆಟ್ಟು ಬೇಕು, ನಡುನಡುವೆ ಕಾಯಿಸಬೇಕು. ತವರ ಮೆತ್ತಗಿನದು, ಬೇಗ ಒಪ್ಪಿಕೊಳ್ಳುತ್ತದೆ. ಬೇಗ ಒಪ್ಪಿಕೊಂಡದ್ದು ಬೇಗ ಅಳಿಸಿಯೂ ಹೋಗುತ್ತದೆ. ತವರದ ಮೇಲೆ ಉಗುರಿನಲ್ಲೂ ಗೀರು ಬೀಳುತ್ತದೆ. ಹಿರಿಯರ ಬಿಲ್ಲೆಯಲ್ಲಿ ಸಿಂಹದ ಮುಖವೇ ಸವೆದಿದೆ, ಕೆಳಗೆ ಬಿದ್ದ ಹುಲಿ ಮಾತ್ರ ಇನ್ನೂ ಗುರುತು ಸಿಗುತ್ತದೆ.

ಪದಕ ಒಂದೇ, ಲೋಹ ಐದು. ಜನರಲ್‌ಗಳಂಥ ಮೇಲಿನವರಿಗೆ ಚಿನ್ನ, ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ ಚಿನ್ನದ ಲೇಪದ ಬೆಳ್ಳಿ, ಕ್ಯಾಪ್ಟನ್ ಮತ್ತು ಅವರಿಗಿಂತ ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಹವಾಲ್ದಾರರ ದರ್ಜೆಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಸೋಹೊದಲ್ಲಿ ಒತ್ತಿದ್ದು ಚಿನ್ನದವು 30, ಲೇಪದವು 185, ಬೆಳ್ಳಿಯವು 850, ಕಂಚಿನವು 5,000. ತವರದವು 45,000. ಬಂಗಾಳದ ಪಡೆಗೆಂದು ಕಲ್ಕತ್ತೆಯ ಟಂಕಸಾಲೆ ಇದೇ ಚಿತ್ರವನ್ನು ತುಸು ಚಿಕ್ಕದಾಗಿ, 83 ಚಿನ್ನದಲ್ಲೂ 2,786 ಬೆಳ್ಳಿಯಲ್ಲೂ ಬೇರೆಯಾಗಿ ಮಾಡಿತು. ಸೋಹೊದ ಪದಕಗಳಲ್ಲಿ ಬಿಳಿಯ ಸೋಜರನಿಗೂ ನಮ್ಮ ಸಿಪಾಯಿಗೂ ತವರವೇ. ಬಣ್ಣಕ್ಕಿಂತ ದರ್ಜೆ ನೋಡಿ ಹಂಚಿದರು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ದರ್ಜೆಯ ಏಣಿಯಲ್ಲಿ ನಮ್ಮವರು ಎಷ್ಟು ಮೆಟ್ಟಿಲು ಹತ್ತಬಹುದಿತ್ತು ಎಂಬುದನ್ನು ಬಣ್ಣವೇ ನಿರ್ಧರಿಸುತ್ತಿತ್ತು.

ಇದಕ್ಕೂ ಹಿಂದೆ, 1791-92ರ ಮೈಸೂರು ಯುದ್ಧಕ್ಕೆ ಕಂಪನಿ ಕೊಟ್ಟ ಪದಕ ಭಾರತೀಯ ಸೈನಿಕರಿಗೆ ಮಾತ್ರ ಮೀಸಲಾಗಿತ್ತು, ಅದೂ ಚಿನ್ನ ಬೆಳ್ಳಿಗಳಲ್ಲಿ. ಉರುಳಿದ ತೋಪಿನ ಮೇಲೆ ಕಾಲಿಟ್ಟ ಸಿಪಾಯಿಯೇ ಅದರ ನಾಯಕ, ಹಿನ್ನೆಲೆಯಲ್ಲಿ ಶ್ರೀರಂಗಪಟ್ಟಣ. ಹಳದಿ ಹುರಿಯಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಏಳೇ ವರ್ಷದಲ್ಲಿ ಚಿತ್ರದಿಂದ ಸಿಪಾಯಿ ಹೋಗಿ ಸಿಂಹ ಬಂತು, ಬೆಳ್ಳಿ ಹೋಗಿ ತವರ ಬಂತು. ಹೊಸ ಪದಕಕ್ಕೆ ಕೊಂಡಿಯೂ ಇರಲಿಲ್ಲ, ಪಡೆದವನ ಹೆಸರೂ ಇರಲಿಲ್ಲ. ಹಾಕಿಕೊಳ್ಳಬೇಕೆನಿಸಿದವನು ತಾನೇ ತೂತು ಕೊರೆದುಕೊಳ್ಳಬೇಕಿತ್ತು. ಹಿರಿಯರ ಬಿಲ್ಲೆಯ ಓರೆ ತೂತಿನ ಕಥೆ ಇದು. ಎಲ್ಲೋ ಒಂದು ಗುಡಾರದ ಮುಂದೆ ಕುಳಿತು, ಮೊಳೆಯೋ ದಬ್ಬಳವೋ ಹಿಡಿದು ಅದನ್ನು ಕೊರೆದ ಕೈ ಯಾವುದೆಂದು ಹೇಳುವ ಒಂದಕ್ಷರವೂ ಅದರ ಮೇಲಿಲ್ಲ. ತೂತೇ ಅವನ ರುಜು.

ಅಚ್ಚಾದ ಪದಕಗಳು ಹಡಗು ಹತ್ತಿ ಬಂದು ಸಿಪಾಯಿಗಳ ಕೈಸೇರುವ ಹೊತ್ತಿಗೆ 1808. ಯುದ್ಧ ಮುಗಿದು ಒಂಬತ್ತು ವರ್ಷ. ಈ ನಡುವೆ, 1806ರ ಜುಲೈ 10ರಂದು, ಶ್ರೀರಂಗಪಟ್ಟಣದಲ್ಲಿ ಕಾದಿದ್ದ ಕಂಪನಿಯ ಮದರಾಸು ಸೈನ್ಯದ ಸಿಪಾಯಿಗಳು ವೆಲ್ಲೂರಿನಲ್ಲಿ ದಂಗೆಯೆದ್ದಿದ್ದರು. ಹಣೆಯ ನಾಮ, ಕಿವಿಯ ಒಂಟಿ ತೆಗೆಯಬೇಕು, ಹೊಸ ಬಗೆಯ ಟೋಪಿ ಹಾಕಬೇಕು ಎಂಬ ಹುಕುಂ ಅವರಿಗೆ ಸಹಿಸಲಾಗಲಿಲ್ಲ. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದೂ ಆ ಕೋಟೆಯಲ್ಲೇ. ಧಣಿಯ ತವರದ ಬಿಲ್ಲೆಯನ್ನು ಸಿಪಾಯಿ ಯಾವ ಮನಸ್ಸಿನಿಂದ ತೆಗೆದುಕೊಂಡಿರಬಹುದು ಎಂದು ಯೋಚಿಸುವಾಗ ನನಗೆ ವೆಲ್ಲೂರನ್ನು ಮರೆಯಲಾಗುವುದಿಲ್ಲ.

ಇನ್ನೊಂದು ಪದಕದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರಬ್ಬಿ, ಪಾರಸಿ ಬಳಸಿದ ಕಂಪನಿ ಕೊಡಗಿಗೆ ಬಂದಾಗ ಕನ್ನಡ ಬಳಸಿತು. 1837ರ ಏಪ್ರಿಲ್-ಮೇ ತಿಂಗಳಲ್ಲಿ ನಡೆದ ದಂಗೆಯನ್ನು, ನಾವು ಅಮರ ಸುಳ್ಯದ ಹೋರಾಟ ಎನ್ನುವುದನ್ನು, ಅಡಗಿಸಲು ತನ್ನ ಪರ ನಿಂತ ಕೊಡಗರಿಗೆ ಅದು ಕೊಟ್ಟದ್ದು 44 ಚಿನ್ನದ, 300 ಬೆಳ್ಳಿಯ ಪದಕಗಳು. ಒಂದು ಬದಿಗೆ ಕತ್ತಿಯೆತ್ತಿದ ಕೊಡವ ವೀರ, ಸುತ್ತ ಕನ್ನಡ ಲಿಪಿಯಲ್ಲಿ ನಿಷ್ಠೆಯ ಹೊಗಳಿಕೆ. ಕನ್ನಡ ಅಕ್ಷರ ಹೊತ್ತ ಯುದ್ಧಪದಕ ಎಂಬ ಕಾರಣಕ್ಕೆ ಕಣ್ಣು ತುಂಬಿಕೊಳ್ಳುತ್ತದೆ. ಆ ಅಕ್ಷರಗಳು ಹೊಗಳುವುದು ನಮ್ಮದೇ ಜನರನ್ನು ಅಡಗಿಸಿದ್ದನ್ನು ಎಂಬುದೂ ನೆನಪಾಗುತ್ತದೆ.

ಸ್ವಾತಂತ್ರ್ಯದ ನಂತರ ಭಾರತೀಯ ಸೇನೆ ಶ್ರೀರಂಗಪಟ್ಟಣದ ಯುದ್ಧಗೌರವವನ್ನು ಆಚರಿಸುವುದಿಲ್ಲ. ದೇಶದೊಳಗಿನವರ ಮೇಲೆ ಗೆದ್ದದ್ದಕ್ಕೆ ಹಬ್ಬ ಮಾಡುವುದು ಬೇಡ ಎಂಬ ಆ ತೀರ್ಮಾನ ಸರಿಯಾದದ್ದು. ಆದರೆ ಹಬ್ಬ ಬೇಡವೆಂದರೆ ಬಿಲ್ಲೆಯೂ ಬೇಡವೆಂದಲ್ಲ. ಚಿನ್ನದ ಪದಕಗಳನ್ನು ಹರಾಜಿನ ಮನೆಗಳು ಜೋಪಾನ ಮಾಡುತ್ತವೆ. 45,000 ತವರದ ಬಿಲ್ಲೆಗಳಲ್ಲಿ ಎಷ್ಟೋ ಒಲೆಗೆ, ಗುಜರಿಗೆ, ಮಣ್ಣಿಗೆ ಹೋಗಿವೆ. ಕೋಟೆಯ ಹೊರಗೆ ನಿಂತು ಕಂಪನಿಗಾಗಿ ಬಂದೂಕು ಹಿಡಿದ ತಮಿಳು, ತೆಲುಗು ಸೀಮೆಯ ರೈತರ ಮಕ್ಕಳು ಬಿಟ್ಟುಹೋದದ್ದು ಬೇರೇನೂ ಇಲ್ಲ.

ಹೊರಡುವಾಗ ಹಿರಿಯರನ್ನು ಕೇಳಿದೆ, ಇದು ಮುಂದೆ ಯಾರಿಗೆ? ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. "ಅವರಿಗೆ ಆನೆ ಕಾಸು ಬೇಕಂತೆ. ಇದನ್ನ ಮ್ಯೂಸಿಯಮ್ಮಿಗೆ ಕೊಡ್ತೀನಿ, ಹಿಂಗಿಂಗೆ ಕಲಾಯಿಗೆ ಹೋಗ್ತಿತ್ತು ಅಂತ ಚೀಟೀಲಿ ಬರೆದಿಟ್ಟಿದೀನಿ" ಎಂದು ಮತ್ತೆ ಹತ್ತಿಯಲ್ಲಿ ಸುತ್ತಿದರು. ಬೀದಿಗೆ ಕಲಾಯಿಯವನು ಬರುವುದು ನಿಂತು ಎಷ್ಟೋ ವರ್ಷವಾಯಿತು. ಮನೆಯಲ್ಲಿರುವುದೆಲ್ಲ ಈಗ ಸ್ಟೀಲು.

ನಿಮ್ಮ ಅಟ್ಟದ ಡಬ್ಬಿಯಲ್ಲಿ ಹುಲಿಯ ಮೇಲೆ ಸಿಂಹ ನಿಂತ ಬೂದುಬಣ್ಣದ ಬಿಲ್ಲೆ ಸಿಕ್ಕರೆ ದಯವಿಟ್ಟು ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ, ತೂತನ್ನು ಮುಚ್ಚಿಸಬೇಡಿ, ತೂಕಕ್ಕೆ ಹಾಕಬೇಡಿ. ಹತ್ತಿಯಲ್ಲಿ ಸುತ್ತಿ, ಮನೆಗೆ ಅದು ಬಂದ ದಾರಿ ಗೊತ್ತಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಯವರಿಗೆ ಒಮ್ಮೆ ತೋರಿಸಿ.